ನಗೆಯ ಪರದೆಯ ಮೇಲೆ ತಲಾಕ್

(ವೈ.ಎನ್. ಹೊಸಕೋಟೆಯ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣ)



ದಾಂಪತ್ಯವೊಂದು ಮುರಿದು ಬೀಳುವುದನ್ನು ಕಂಡು ನಗಬಹುದೇ? 2016ರಲ್ಲಿ ಅಮೆರಿಕದ ಎಚ್‌ಬಿಒ ವಾಹಿನಿ 'ಡೈವೋರ್ಸ್' ಎಂಬ ಹಾಸ್ಯ ಧಾರಾವಾಹಿಯನ್ನು ಆರಂಭಿಸಿದಾಗ ವಿಮರ್ಶಕರ ಮುಂದೆ ಬಂದ ಪ್ರಶ್ನೆ ಇದು. ಬೇರ್ಪಡುವ ದಂಪತಿಯಾಗಿ ಸಾರಾ ಜೆಸ್ಸಿಕಾ ಪಾರ್ಕರ್ ಮತ್ತು ಥಾಮಸ್ ಹೇಡನ್ ಚರ್ಚ್ ನಟಿಸಿದ್ದರು. ಅವರ ನಟನೆಗೆ ಮೆಚ್ಚುಗೆ ದೊರೆಯಿತು. ಆದರೆ ನಗಿಸಬೇಕಾದ ಕಥೆ ಕಹಿಯಾಯಿತೆಂದು ಹಲವರು ಆಕ್ಷೇಪಿಸಿದರು. ವಿಚ್ಛೇದನವೆಂಬುದು ಇರುವುದೇ ಹಾಗಲ್ಲವೇ ಎಂದು ಇನ್ನು ಕೆಲವರು ಸಮರ್ಥಿಸಿದರು. 2019ರಲ್ಲಿ ಮೂರನೆಯ ಸರಣಿಯೊಂದಿಗೆ ಅದು ಮುಗಿಯಿತು.

ನಾವು ಗಮನಿಸಬೇಕಾದುದು ಬೇರೊಂದಿದೆ. ಆ ಹಾಸ್ಯದಲ್ಲಿಯೂ ದಂಪತಿ ಆಪ್ತಸಲಹೆಗೆ ಹೋಗುತ್ತಾರೆ, ಸಂಧಾನಕಾರರ ಮುಂದೆ ಕೂರುತ್ತಾರೆ, ವಕೀಲರ ಬಳಿಗೆ ಅಲೆಯುತ್ತಾರೆ. ಮನೆಯ ಗತಿಯೇನು, ಮಕ್ಕಳ ಗತಿಯೇನು ಎಂಬ ಪ್ರಶ್ನೆ ಅವರನ್ನು ಬಿಡುವುದಿಲ್ಲ. ನಮ್ಮ ದೇಶದ ಪರದೆಯ ಮೇಲಾದರೋ ಮುಸ್ಲಿಮನ ತಲಾಕ್ ಎಂದರೆ ಒಂದೇ ಉಸಿರಿನ ಮೂರು ಮಾತು, ಅಷ್ಟಕ್ಕೇ ನಗೆ.

ಇದು ಅಪಪ್ರಚಾರವೆಂದು ನಾವು ನೋಯುತ್ತೇವೆ. ನೋವು ನ್ಯಾಯವೇ. ಆದರೆ ಆ ನಗೆಗೆ ವಸ್ತುವನ್ನು ಒದಗಿಸಿದವರು ಯಾರು? ವಿವಾಹ ಮತ್ತು ತಲಾಕ್‌ನ ವಿಚಾರದಲ್ಲಿ ತಮಾಷೆಯ ಮಾತೂ ಗಂಭೀರವಾಗಿಯೇ ಪರಿಗಣಿತವಾಗುತ್ತದೆಂದು ಪ್ರವಾದಿ(ಸ)ಯವರು ಎಚ್ಚರಿಸಿದ್ದಾರೆ. ದಂಪತಿಗಳಲ್ಲಿ ಒಡಕಿನ ಭಯವಿದ್ದರೆ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ಆದೇಶಿಸುತ್ತದೆ. ತಲಾಕ್‌ನ ಬಳಿಕವೂ ಇದ್ದತ್‌ನ ಕಾಲಾವಕಾಶವಿದೆ. ಕೋಪ ಇಳಿಯಲೆಂದೇ ಇಟ್ಟ ಈ ಮೆಟ್ಟಿಲುಗಳನ್ನೆಲ್ಲ ಹಾರಿದವರು ಧಾರಾವಾಹಿಯವರಲ್ಲ, ನಮ್ಮವರೇ.

ನಗೆಯಿಲ್ಲದೆ ಈ ನೋವನ್ನು ತೋರಿಸಿದ ಕನ್ನಡ ಚಿತ್ರವೊಂದಿದೆ. ಬಾನು ಮುಷ್ತಾಕ್‌ರವರ 'ಕರಿ ನಾಗರಗಳು' ಕಥೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ನಿರ್ದೇಶಿಸಿದರು. ನಟಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹೆಣ್ಣುಮಕ್ಕಳೊಡನೆ ಗಂಡನಿಂದ ತ್ಯಜಿಸಲ್ಪಟ್ಟ ಬಡ ಹೆಣ್ಣೊಬ್ಬಳು ಜಮಾಅತ್‌ನ ಮುಂದೆ ನ್ಯಾಯ ಬೇಡುವ ಕಥೆಯದು. ಆ ಲೇಖಕಿಯೇ ಮಸೀದಿ ಪ್ರವೇಶದ ಹಕ್ಕಿನ ಕುರಿತು ಮಾತಾಡಿದ್ದಕ್ಕಾಗಿ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಿದ್ದರು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಅವರ ಎಲ್ಲ ಅಭಿಪ್ರಾಯಗಳನ್ನೂ ಒಪ್ಪಬೇಕೆಂದಿಲ್ಲ. ಆದರೆ ಆ ಕಥೆಯ ಹೆಣ್ಣು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬರಿಯ ಹೆಮ್ಮೆ ಪಡುವುದು ಹೇಗೆ?

ಕಾನೂನು ಉತ್ತರಿಸಿತೇ? 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ 3:2ರ ಬಹುಮತದಿಂದ ಏಕಕಾಲದ ತ್ರಿವಳಿ ತಲಾಕನ್ನು ತಳ್ಳಿಹಾಕಿತು. 2019ರ ಕಾಯಿದೆ ಅದಕ್ಕೆ ಮೂರು ವರ್ಷಗಳವರೆಗಿನ ಜೈಲುಶಿಕ್ಷೆ ವಿಧಿಸಿತು. ಆದರೆ ಮಾತೇ ಆಡದೆ, ತಲಾಕನ್ನೂ ಕೊಡದೆ, ಹೆಂಡತಿಯನ್ನು ತೌರಿನ ಹೊಸ್ತಿಲಲ್ಲಿ ಬಿಟ್ಟು ಹೋಗುವವನಿಗೆ ಆ ಕಾಯಿದೆ ತಟ್ಟುವುದಿಲ್ಲ. ಜೈಲಿಗೆ ಹೋದ ಗಂಡ ಜೀವನಾಂಶ ಕೊಡುವುದಾದರೂ ಹೇಗೆ? ವಿಚ್ಛೇದಿತ ಮುಸ್ಲಿಮ್ ಮಹಿಳೆಯೂ ಸಾಮಾನ್ಯ ಕಾನೂನಿನಡಿ ಜೀವನಾಂಶ ಕೇಳಬಹುದೆಂದು 2024ರ ಜುಲೈ 10ರಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿದೆ. ಆದರೆ ಪಾವಗಡದ ಈ ಗಡಿಯಿಂದ ನ್ಯಾಯಾಲಯಕ್ಕೆ ಅಲೆಯುವ ಶಕ್ತಿ ಎಷ್ಟು ಹೆಣ್ಣುಮಕ್ಕಳಿಗಿದೆ?

ಸಹೋದರರೇ, ಇದು ರೇಷ್ಮೆ ಸೀರೆ ನೇಯುವ ಊರು. ಎಳೆ ತುಂಡಾದರೆ ನೇಕಾರ ಮಗ್ಗ ನಿಲ್ಲಿಸಿ, ತುದಿ ಹುಡುಕಿ, ಗಂಟು ಹಾಕುತ್ತಾನೆ. ಸಂಸಾರದ ಎಳೆಗೂ ಅಷ್ಟು ತಾಳ್ಮೆ ಬೇಡವೇ? ನಮ್ಮ ಜಮಾಅತ್‌ಗಳು ಹೆಣ್ಣಿನ ಮಾತನ್ನೂ ಆಲಿಸುವ ಸಂಧಾನ ಸಮಿತಿಗಳನ್ನು ರಚಿಸಲಿ, ಅವುಗಳಲ್ಲಿ ವಿದ್ಯಾವಂತ ಮಹಿಳೆಯರೂ ಇರಲಿ. ಬೇರ್ಪಡುವುದು ಅನಿವಾರ್ಯವಾದರೆ ಮಹ್ರ್ ಮತ್ತು ಮಕ್ಕಳ ಖರ್ಚಿನ ವಿಚಾರ ಅಲ್ಲಿಯೇ ಲಿಖಿತವಾಗಿ ಇತ್ಯರ್ಥವಾಗಲಿ. ಅಂದು ಪರದೆಯ ಮೇಲಿನ ನಗೆಗೆ ನಾವು ಉತ್ತರ ಹುಡುಕಬೇಕಾಗಿ ಬರದು.