ಶಾಲೆ ಬಿಟ್ಟ ಬಾಲಕಿಯರಿಗೆ ಆಶ್ರಯ



ಹತ್ತಿ, ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ನವಲಗುಂದ, ಕುಂದಗೋಳ ಸೀಮೆಯ ಬಾಲಕಿಯರು ಶಾಲೆ ತಪ್ಪಿಸುವುದುಂಟು. ಮರಳಿ ಹೋಗದವಳಿಗೆ ಬೇಗನೆ ಲಗ್ನ. ಮನೆ ಬಿಟ್ಟವಳಿಗೆ ‘ದಾರಿ ತಪ್ಪಿದವಳು’ ಎಂಬ ಹೆಸರು.

1835ರಲ್ಲಿ ಫ್ರಾನ್ಸಿನ ಆಂಜೆಯಲ್ಲಿ ಸಂತ ಮೇರಿ ಯುಫ್ರೇಸಿಯಾ ಇಂಥವರ ಉದ್ಧಾರಕ್ಕೆಂದೇ ‘ಗುಡ್ ಶೆಫರ್ಡ್’ ಸಂಸ್ಥೆಯನ್ನು ಕಟ್ಟಿದರು. 1854ರಲ್ಲಿ ಆ ಭಗಿನಿಯರು ಬೆಂಗಳೂರಿಗೂ ಬಂದರು. ಆದರೆ ಐರ್ಲೆಂಡಿನಲ್ಲಿ ಇಂಥ ಆಶ್ರಯಗಳೇ ಕೂಲಿಯಿಲ್ಲದೆ ಬಟ್ಟೆ ಒಗೆಸುವ ಸೆರೆಮನೆಗಳಾದವು. ಕೊನೆಯದು ಮುಚ್ಚಿದ್ದು 1996ರಲ್ಲಿ. ಅಲ್ಲಿಯ ಸರಕಾರ ಕ್ಷಮೆ ಯಾಚಿಸಿದ್ದು 2013ರಲ್ಲಿ. ಕರುಣೆಗೂ ಕಾವಲು ಬೇಕೆಂಬುದಕ್ಕೆ ಇದು ಸಾಕ್ಷಿ.

ನಮ್ಮ ದೇಶದಲ್ಲಿ 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಶಾಲೆ ಬಿಟ್ಟವರಿಗೆ ವಸತಿಯೊಡನೆ ಪಾಠ ನೀಡುತ್ತವೆ. ಸಂಕಟದಲ್ಲಿರುವವಳಿಗೆ 1098 ದೂರವಾಣಿಯುಂಟು. ಆಶ್ರಯದ ಬಾಗಿಲು ಒಳಗಿನಿಂದಲೂ ತೆರೆಯುವಂತಿರಲಿ. ತೀರ್ಪಿಗೆ ಮುನ್ನ ಬಾಲಕಿಯ ಮಾತನ್ನು ಕೇಳೋಣ.