ಮೇಜಿನ ಮೇಲಿನ ಕಿನ್ನಾಳದ ಗರುಡ

ಪಟ್ಟಂದೂರು ಅಗ್ರಹಾರ ಮೆಟ್ರೋದಲ್ಲಿ ಇಳಿದು, ಇಯರ್‌ಫೋನ್ ಹಾಕ್ಕೊಂಡು ಐಟಿಪಿಎಲ್ ಕಡೆ ನಡೀತಿರೋರೇ, ಇವತ್ತಿನ ಮಾತು ಇಲ್ಲೇ ಹತ್ತಿರದ ನನ್ನ ರೂಮಿಂದ ಶುರು. ಲ್ಯಾಪ್‌ಟಾಪ್ ಪಕ್ಕ ಒಂದು ಮರದ ಗರುಡ ನಿಂತಿದೆ. ಹಸಿರು ರೆಕ್ಕೆ, ಕೆಂಪು ಪಂಚೆ, ಮೈತುಂಬ ಚಿನ್ನದ ಬಣ್ಣದ ಒಡವೆ.

ಬಂದವರೆಲ್ಲ ಕೇಳೋದು, "ಚನ್ನಪಟ್ಟಣದ್ದಾ?" ಬೆಂಗಳೂರಿನವರಿಗೆ ಮರದ ಗೊಂಬೆ ಅಂದ್ರೆ ಅದೊಂದೇ ಊರು! ಚನ್ನಪಟ್ಟಣದ್ದನ್ನ ತಿರುಗೋ ಯಂತ್ರದ ಮೇಲೆ ಕಡೆದು ಅರಗಿನ ಬಣ್ಣ ಹಚ್ತಾರೆ. ಇದು ಕೊಪ್ಪಳದ ಹತ್ತಿರದ ಕಿನ್ನಾಳದ್ದು. ಚಿತ್ರಗಾರ ಮನೆತನಗಳ ಕೆಲಸ. ಹಗುರ ಮರವನ್ನ ಉಳಿಯಲ್ಲಿ ಕೆತ್ತಿ, ಕೈಕಾಲು ಬೇರೆ ಬೇರೆ ಮಾಡಿ, ಹುಣಸೆ ಬೀಜದ ಅಂಟಲ್ಲಿ ಕೂಡಿಸ್ತಾರೆ. ಗೋಣಿಯ ಚಿಂದಿಯನ್ನ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನ ಜೊತೆ ಕಲಸಿದರೆ ಕಿಟ್ಟ. ಸಂದುಗಳಿಗೆಲ್ಲ ಅದೇ. ಒಡವೆ ಇದೆಯಲ್ಲ, ಅದು ಕೆತ್ತಿದ್ದಲ್ಲ. ಕಲ್ಲಿನ ಪುಡಿಯನ್ನ ಅಂಟಲ್ಲಿ ಕಲಸಿ ಉಬ್ಬಿಸಿ ಬರೆದದ್ದು. ಮೇಲೆ ಬಿಳಿ, ಆಮೇಲೆ ಬಣ್ಣ. ಪ್ರತಿ ಪದರ ಒಣಗೋವರೆಗೂ ಕಾಯಬೇಕು.

ನಾನು ಇದನ್ನ ಕೊಂಡಿದ್ದು ಒಂದು ಮೇಳದಲ್ಲಿ. ಮಾರೋಕೆ ಕೂತಿದ್ದವರು ವಯಸ್ಸಾದ ಯಜಮಾನರು. ಯಾವ ಆರ್ಟ್ ಸ್ಕೂಲಿಗೂ ಹೋಗಿಲ್ಲವಂತೆ. ಮನೆಯಲ್ಲಿ ದೊಡ್ಡವರ ಪಕ್ಕ ಕೂತು, ನೋಡಿ ನೋಡಿ ಕೈಗೆ ಬಂದದ್ದಂತೆ. ಅವರು ಹೇಳ್ತಾ ಇದ್ದರು, ನಾನು ಚೌಕಾಸಿ ಮಾಡ್ತಾ ಇದ್ದೆ. 200 ರೂಪಾಯಿ ಇಳಿಸಿದೆ. ಆಫೀಸ್ ಕೆಳಗಿನ ಕಾಫಿಗೆ ಅಷ್ಟು ಕೊಡುವಾಗ ತುಟಿ ಪಿಟಕ್ ಅನ್ನದವನು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗೊಂಬೆಯನ್ನ ಮಗುಚಿ ನೋಡಿದರೆ ತಳದಲ್ಲಿ ಹೆಸರಿಲ್ಲ, ನಾನೂ ಕೇಳಿಲ್ಲ. ಯುಪಿಐ ಹಿಸ್ಟರಿ ಹುಡುಕೋಣ ಅಂದ್ರೆ ಅವತ್ತು ಕ್ಯಾಶ್ ಕೊಟ್ಟಿದ್ದೆ.

ಹಂಪಿಯ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದಲ್ಲಿ ತಲೆ ಎತ್ತಿ ನೋಡಿದ್ದೀರಾ? ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆಯ ಚಿತ್ರ ಇರೋ ಛಾವಣಿ. ಅದನ್ನ ಬರೆದವರು ಕಿನ್ನಾಳದವರ ಪೂರ್ವಿಕರು ಅನ್ನೋ ಮಾತಿದೆ. ಅಂದ್ರೆ ಮರವೂ ಅವರದೇ, ಚಿತ್ರವೂ ಅವರದೇ. ಈಗ ಕಿನ್ನಾಳ ಗೊಂಬೆಗೆ ಜಿಐ ಟ್ಯಾಗ್ ಇದೆ, ಒಳ್ಳೇದೇ. ಆದರೆ ಅದು ಊರಿನ ಹೆಸರನ್ನ ಕಾಯುತ್ತೆ. ಈ ಗರುಡನ ಹುಬ್ಬು ತಿದ್ದಿದ ಕೈ ಯಾರದ್ದು ಅಂತ ಹೇಳಲ್ಲ. ಅದನ್ನ ಕೊಳ್ಳೋನೇ ಕೇಳ್ಕೋಬೇಕಿತ್ತು.

ನಿಮ್ಮನೇಲಿ ಕಿನ್ನಾಳದ ಗೊಂಬೆ ಇದ್ದು, ಮಾಡಿದವರ ಹೆಸರು ಗೊತ್ತಿದ್ದರೆ ಅವರನ್ನ ಒಂದು ಮಾತು ಕೇಳಿ. ಒಪ್ಪಿದರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದ್ತೀನಿ.