ಉಂಡಾಗ ಮಾತ್ರ ಕಾಣುವ ನಾಳ

ಎದೆ, ಹೊಟ್ಟೆಗಳ ನಡುವಿನ ಪರದೆಯಾದ ವಪೆಯಲ್ಲಿ ತೂತಿದ್ದೋ, ಅನ್ನನಾಳ ಕೂಡದೆಯೋ, ಹೃದಯದಲ್ಲಿ ದೋಷವಿದ್ದೋ ಹುಟ್ಟುವ ಕೂಸುಗಳಿರುತ್ತವೆ. ನಮ್ಮ ಹುಲಗೂರು, ಶಿಗ್ಗಾಂವಿ ಕಡೆಯವರು ಅಂಥ ಕೂಸನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೋ ಬೆಂಗಳೂರಿಗೋ ಒಯ್ಯುತ್ತಾರೆ. ಆಪರೇಶನ್ ಮುಗಿದ ಮೇಲೆ ಎದೆಗೆ ಹಾಕಿದ ಪೈಪಿನಲ್ಲಿ ತಿಳಿಹಳದಿ ನೀರು ಬರುತ್ತಿರುತ್ತದೆ. ಹಾಲು ಶುರುಮಾಡಿದ ಮೇಲೆ ಅಪರೂಪಕ್ಕೆ ಆ ನೀರು ಬೆಳ್ಳಗಾಗುತ್ತದೆ. ಡಾಕ್ಟರರು ಇದನ್ನು ಕೈಲೋಥೊರಾಕ್ಸ್ ಅನ್ನುತ್ತಾರೆ. ಕುಡಿದ ಹಾಲು ಎದೆಗೆ ಇಳಿಯಿತೇ ಎಂದು ಮನೆಯವರಿಗೆ ಗಾಬರಿ. ಹಾಗಲ್ಲ. ಆ ಬಿಳುಪಿನ ಕಥೆ ಎಷ್ಟು ಸಲ ಓದಿದರೂ ನನಗೆ ಸಾಲದು.

1622ರ ಜುಲೈ 23. ಇಟಲಿಯ ವೈದ್ಯ ಗಾಸ್ಪರೆ ಅಸೆಲ್ಲಿ, ವಪೆ ಹೇಗೆ ಆಡುತ್ತದೆಂದು ಗೆಳೆಯರಿಗೆ ತೋರಿಸಲು ಜೀವಂತ ನಾಯಿಯ ಹೊಟ್ಟೆ ಸೀಳಿದ. ಆಗ ಅರಿವಳಿಕೆ ಇರಲಿಲ್ಲ. ಆ ಪ್ರಾಣಿಯ ನೋವು ನೆನೆದರೆ ಸಂಕಟವಾಗುತ್ತದೆ. ಕರುಳಿನ ಪೊರೆಯ ತುಂಬ ಬಿಳಿ ಎಳೆಗಳು. ನರಗಳೆಂದುಕೊಂಡ. ಒಂದನ್ನು ಚುಚ್ಚಿದರೆ ಹಾಲಿನಂಥ ರಸ ಚಿಮ್ಮಿತು! ಮತ್ತೊಂದು ನಾಯಿಯಲ್ಲಿ ಹುಡುಕಿದ, ಏನೂ ಇಲ್ಲ. ಮೊದಲಿನದು ಹೊಟ್ಟೆತುಂಬ ಉಂಡಿತ್ತು, ಇದು ಹಸಿದಿತ್ತು. ಇನ್ನೊಂದಕ್ಕೆ ಉಣಿಸಿ ನೋಡಿದ, ಎಳೆಗಳು ಮತ್ತೆ ಮೂಡಿದ್ದವು. ಊಟದ ಕೊಬ್ಬು ಸಾಗಿಸುವ ಆ ನಾಳಗಳು ಯಕೃತ್ತಿಗೆ ಹೋಗುತ್ತವೆಂದು ಬರೆದಿಟ್ಟ. ಬಣ್ಣದ ಚಿತ್ರಗಳಿದ್ದ ಪುಸ್ತಕ 1627ರಲ್ಲಿ ಅಚ್ಚಾಯಿತು. ಪಾಪ, ಅಷ್ಟರಲ್ಲಿ ಅವನೇ ತೀರಿಕೊಂಡಿದ್ದ.

ಅದೇ 1622ರಲ್ಲಿ ಹುಟ್ಟಿದ ಫ್ರಾನ್ಸಿನ ಜಾನ್ ಪೆಕೆ 1651ರಲ್ಲಿ ತಿದ್ದಿದ: ರಸವು ಬೆನ್ನೆಲುಬಿನ ಮುಂದಿನ ನಾಳದಲ್ಲಿ ಎದೆಯುದ್ದಕ್ಕೂ ಏರಿ, ಕತ್ತಿನ ಬುಡದಲ್ಲಿ ರಕ್ತ ಸೇರುತ್ತದೆ. ಕೂಸಿನಲ್ಲಿ ಆ ನಾಳ ಎಳೆದಾರದಷ್ಟು ಸಣ್ಣದು. ಆಪರೇಶನ್‌ಗೆ ಕೂಸನ್ನು ಉಪವಾಸವಿಟ್ಟಿರುತ್ತಾರಲ್ಲ, ಹಾಗಾಗಿ ಎಂಥ ನುರಿತ ಕಣ್ಣಿಗೂ ನಾಳ ಕಾಣುವುದು ಕಷ್ಟ. ಅದಕ್ಕೆ ಪೆಟ್ಟಾದರೆ ರಸ ಎದೆಗೂಡಿನಲ್ಲಿ ನಿಂತು ಶ್ವಾಸಕೋಶವನ್ನು ಒತ್ತುತ್ತದೆ. ಜೊತೆಗೆ ಪ್ರೋಟೀನು, ಸೋಂಕು ತಡೆಯುವ ಬಿಳಿ ಕಣಗಳೂ ಸೋರಿಹೋಗುತ್ತವೆ.

ಪೆಕೆ ತಿದ್ದಿದ ಮೇಲೆ ಸುಮಾರು ಮುನ್ನೂರು ವರ್ಷ ಕಳೆದವು. 1948ರಲ್ಲಿ ಅಮೆರಿಕದ ಸರ್ಜನ್ ಲ್ಯಾಂಪ್ಸನ್ ಆ ನಾಳವನ್ನೇ ಕಟ್ಟಿ ಸೋರಿಕೆ ನಿಲ್ಲಿಸಿದ್ದನ್ನು ವರದಿಮಾಡಿದ. ಈಗ ಬಹಳಷ್ಟು ಕೂಸುಗಳಿಗೆ ಮತ್ತೆ ಕತ್ತರಿ ಬೇಕಾಗುವುದಿಲ್ಲ. ತೆಂಗಿನೆಣ್ಣೆಯಲ್ಲಿರುವ ಒಂದು ಬಗೆಯ ಕೊಬ್ಬು ಈ ನಾಳ ಹಿಡಿಯದೆ ನೇರ ಯಕೃತ್ತಿಗೇ ಹೋಗುತ್ತದೆ, ಅಸೆಲ್ಲಿ ಬರೆದ ಜಾಗಕ್ಕೇ! ಅಂಥ ಕೊಬ್ಬಿನ ವಿಶೇಷ ಹಾಲನ್ನು ಡಾಕ್ಟರರು ಅಳೆದು ಕೊಡುತ್ತಾರೆ. ಮನೆಯಲ್ಲಿ ಎಣ್ಣೆ ಕುಡಿಸುವ ಮಾತಲ್ಲ ಇದು, ದಯವಿಟ್ಟು ಬೇಡ. ಕೆಲವು ಆಸ್ಪತ್ರೆಗಳಲ್ಲಿ ತಾಯಿಯ ಹಾಲಿನಿಂದಲೇ ಕೆನೆ ಬೇರ್ಪಡಿಸಿ ಕೊಡುತ್ತಾರೆ. ಅದಕ್ಕೇ ಬಾಣಂತಿಯರಲ್ಲಿ ನನ್ನ ಕಳಕಳಿಯ ಕೋರಿಕೆ: ಹಾಲು ನಿಲ್ಲಿಸಿ ಅಂದರೆಂದು ಹಿಂಡುವುದನ್ನು ಬಿಡಬೇಡಿ ತಾಯಿ. ಸೋರಿಕೆ ನಿಂತ ಕೆಲವು ವಾರಗಳಿಗೆ ಸಾಮಾನ್ಯವಾಗಿ ಕೂಸು ಮತ್ತೆ ಮೊಲೆಗೆ ಬರುತ್ತದೆ.